ಯಜಮಾನರು ಊರಲ್ಲಿಲ್ಲ

ಸದಾನಂದಣ್ಣ ಊರಿಗೆ ಹೊರಟಿದ್ದರು. ರಜೆಗಲ್ಲ, ವೀಸಾ ರದ್ದು ಮಾಡಿಸಿಕೊಂಡು ಪೂರ್ತಿಯಾಗಿ. ಕಳೆದ ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ನೇರವಾಗಿ ದುಬೈಯ ಡಿಸ್ಕವರಿ ಗಾರ್ಡನ್ಸಿನ ಅವರ ರೂಮಿಗೆ ಹೋದೆ. ಗಂಡಸರು ಪೆಟ್ಟಿಗೆ ತುಂಬಿಸುವುದನ್ನು ನೋಡಿಕೊಂಡು ಸುಮ್ಮನಿರುವ ಸ್ವಭಾವ ನನ್ನದಲ್ಲ. ಸೋಪನ್ನು ಖರ್ಜೂರದ ಪಕ್ಕ ಇಟ್ಟಿದ್ದರು. ತೆಗೆದು ಬೇರೆ ಮೂಲೆಗೆ ಹಾಕಿದೆ. ಹಾಲಿನ ಪುಡಿಯ ಪೊಟ್ಟಣಗಳನ್ನು ಬಟ್ಟೆಯ ನಡುವೆ ಸೇರಿಸಿದೆ. ಅವರು ಹಗ್ಗ ಹಿಡಿದುಕೊಂಡು ನಿಂತಿದ್ದರು.

ಕಿಟಕಿಯ ಕಟ್ಟೆಯ ಮೇಲೆ ಒಂದು ದುಂಡು ಡಬ್ಬದಲ್ಲಿ ಅವರ ಬ್ರಷ್ಷುಗಳಿದ್ದವು. ಕೆಂಪು ಡಬ್ಬ, ಹಳದಿ ಅಂಚು, ನಡುವೆ ಒಬ್ಬ ಗಂಡಸಿನ ಗೋಧಿ ಬಣ್ಣದ ಮುಖ. ಬ್ರಷ್ಷುಗಳನ್ನು ಹೊರಗೆ ತೆಗೆದು ಮೂಸಿದೆ. ಟರ್ಪೆಂಟೈನಿನ ಅಡಿಯಲ್ಲಿ ಸುಟ್ಟ ವಾರ್ನಿಷ್ಷಿನ ವಾಸನೆ ಇನ್ನೂ ಇತ್ತು. ನಾವಿಬ್ಬರೂ ಕೆಲಸ ಮಾಡುತ್ತಿದ್ದ ಅಲ್ ಕೂಜಿನ ಪ್ರೆಸ್ಸಿನ ವಾಸನೆ.

"ಇದನ್ನ ಬಿಸಾಡ್ಲಿಲ್ವಾ ನೀವು?"

"ಒಂದು ಇರ್ಲಿ ಅಂತ ಇಟ್ಟೆ ಫ್ಲೇವಿ ಬಾಯಿ. ನೆನಪಿಗೆ."

ಆ ಡಬ್ಬ ಮಾಡಿದ ಚಳಿಗಾಲದ ನೆನಪು ಅವರಿಗೆ ಅಷ್ಟೇನೂ ಸಿಹಿಯಾಗಿರಲಿಲ್ಲ. ಆದರೂ ಇಟ್ಟುಕೊಂಡಿದ್ದರು.

ನಮ್ಮ ಪ್ರೆಸ್ಸಿನಲ್ಲಿ ಕಾಗದ ಮುದ್ರಣ ಇರಲಿಲ್ಲ, ತಗಡಿನದು ಮಾತ್ರ. ಬಿಸ್ಕತ್ತಿನ ಡಬ್ಬ, ತುಪ್ಪದ ಡಬ್ಬ, ಖರ್ಜೂರದ ಡಬ್ಬ. ತಗಡಿನ ಹಾಳೆಗಳ ಮೇಲೆ ಬಣ್ಣ ಹೊಡೆದು, ಉದ್ದನೆಯ ಓವನ್ನಿನಲ್ಲಿ ಬೇಯಿಸಿ, ಆಮೇಲೆ ಕತ್ತರಿಸಿ ಸುತ್ತಿ ಡಬ್ಬ ಮಾಡುತ್ತಿದ್ದರು. ಬೇಸಗೆಯಲ್ಲಿ ಆ ಶೆಡ್ಡಿನೊಳಗೆ ನಿಂತವರು ನರಕದ ಬಗ್ಗೆ ಪಾದ್ರಿಗಳು ಹೇಳುವುದನ್ನು ಕೇಳಬೇಕಾಗಿರಲಿಲ್ಲ. ಧಣಿ ಭಟ್ಕಳದ ನವಾಯತ ಮುಸ್ಲಿಮರು. ನಾವೆಲ್ಲ ಸಾಹೇಬರು ಎನ್ನುತ್ತಿದ್ದೆವು. ಸದಾನಂದಣ್ಣ ಚಿತ್ರದ ವಿಭಾಗ. ನನ್ನದು ಗಿರಾಕಿಗಳ ಜೊತೆ ಮಾತಾಡುವ ಕೆಲಸ. ಹೊರಗೆ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಒಳಗೆ ಹೋಗಿ ಹಿಂದಿ, ಕನ್ನಡ, ತುಳುವಿನಲ್ಲಿ ಹೇಳುವುದು, ಒಳಗಿನವರು ಬೈದದ್ದನ್ನು ಹೊರಗೆ ಬಂದು ಇಂಗ್ಲಿಷಿನಲ್ಲಿ ಮೆತ್ತಗೆ ಮಾಡಿ ಹೇಳುವುದು.

ಸೆಕೆ ಇಳಿಯುವ ಹೊತ್ತಿಗೆ, ಅಕ್ಟೋಬರಿನಲ್ಲಿ, ಲೊರೇನ್ ಬಂದರು. ಎತ್ತರದ ಹೆಂಗಸು, ಐವತ್ತು ದಾಟಿರಬಹುದು, ಕಪ್ಪು ಜನಾಂಗದ ಅಮೆರಿಕನ್. ಫುಜೈರಾ ಕಡೆಯ ಸಮುದ್ರದಲ್ಲಿ ಸಿಂಪಿ ಸಾಕುವವರ ಜೊತೆ ಸೇರಿ ವ್ಯಾಪಾರ ಶುರು ಮಾಡುವವರಿದ್ದರು. ಚಿಪ್ಪು ಬಿಡಿಸಿದ ತಾಜಾ ಸಿಂಪಿಯನ್ನು ತಗಡಿನ ಡಬ್ಬಕ್ಕೆ ತುಂಬಿ, ಮಂಜುಗಡ್ಡೆಯ ಮೇಲಿಟ್ಟು ಹೋಟೆಲುಗಳಿಗೆ ಕೊಡುವುದು. ನನಗೆ ನಗು ಬಂತು. ಹೊನ್ನಾವರದಲ್ಲಿ ನಾವು ಅದನ್ನು ಕಾಲ್ವಾ ಎನ್ನುತ್ತೇವೆ. ಇಳಿತದ ಹೊತ್ತಿಗೆ ಅಮ್ಮ ಮೊಣಕಾಲುದ್ದ ನೀರಿಗಿಳಿದು ಬಂಡೆಯಿಂದ ಕೆತ್ತಿ ತರುತ್ತಿದ್ದಳು, ಕಾಯಿ ಹಾಕಿ ಸುಕ್ಕಾ ಮಾಡುತ್ತಿದ್ದಳು. ಬಡವರ ಮನೆಯ ಪದಾರ್ಥ. ದುಬೈಯಲ್ಲಿ ಅದನ್ನು ಬೆಳ್ಳಿ ತಟ್ಟೆಯಲ್ಲಿಟ್ಟು ನಿಂಬೆ ಹಿಂಡಿ ಹಸಿಯಾಗಿಯೇ ನುಂಗುತ್ತಾರೆ.

ಲೊರೇನ್ ಚೀಲದಿಂದ ಟವೆಲ್ಲಿನಲ್ಲಿ ಸುತ್ತಿದ ಒಂದು ಹಳೆಯ ಡಬ್ಬ ತೆಗೆದು ಮೇಜಿನ ಮೇಲಿಟ್ಟರು. ಕೆಂಪು ಬಣ್ಣ ಅಲ್ಲಲ್ಲಿ ಎದ್ದಿತ್ತು, ಅಂಚಿಗೆ ತುಕ್ಕು. ಮುಂದೆ ಬಿಳಿ ಗಡ್ಡದ, ಟೋಪಿ ಹಾಕಿದ ಒಬ್ಬ ಕ್ಯಾಪ್ಟನ್ನಿನ ಚಿತ್ರ. ಕೆಂಪು ಕೆನ್ನೆ, ನೀಲಿ ಕಣ್ಣು.

"ಇದು ನನ್ನ ಮುತ್ತಜ್ಜನ ಡಬ್ಬ," ಎಂದರು.

ನಾನು ಡಬ್ಬದ ಮುಖ ನೋಡಿದೆ, ಅವರ ಮುಖ ನೋಡಿದೆ. ಅವರಿಗೆ ಅದು ಅಭ್ಯಾಸವಾಗಿತ್ತೆಂದು ಕಾಣುತ್ತದೆ. ನಕ್ಕರು.

ಮುತ್ತಜ್ಜನ ಹೆಸರು ಎಜ್ರಾ. ಅಮೆರಿಕದ ಚೆಸಪೀಕ್ ಕೊಲ್ಲಿಯ ದಡದಲ್ಲಿ ಸಿಂಪಿ ಬಿಡಿಸುವ ಕೂಲಿಯಾಗಿದ್ದವನು, ದುಡ್ಡು ಕೂಡಿಸಿಕೊಂಡು ಸ್ವಂತದ್ದೊಂದು ಶೆಡ್ಡು ಹಾಕಿದ. ಕೆಲಸದವರೆಲ್ಲ ಅವನ ಜನರೇ. ಮಾಲು ಮಾತ್ರ ರೈಲಿನಲ್ಲಿ ದೂರದ ಊರುಗಳ ಬಿಳಿಯರ ಅಂಗಡಿಗೆ ಹೋಗಬೇಕು. ಕಪ್ಪು ಮನುಷ್ಯನ ಹೆಸರಿದ್ದ ಡಬ್ಬವನ್ನು ಅಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. ಅದಕ್ಕೆ ಇಲ್ಲದ ಒಬ್ಬ ಕ್ಯಾಪ್ಟನ್ನನ್ನು ಹುಟ್ಟಿಸಿದ. ಡಬ್ಬದ ಮೇಲೆ ಆ ಕ್ಯಾಪ್ಟನ್ನಿನ ಹೆಸರು, ಅವನದೇ ಮುಖ. ಎಜ್ರಾನದು ಎಂದು ಡಬ್ಬದ ಮೇಲೆ ಇದ್ದದ್ದು ಅಡಿಯಲ್ಲಿ ಒತ್ತಿದ ಪರವಾನಗಿಯ ನಂಬರು ಮಾತ್ರ. ದೂರದ ವ್ಯಾಪಾರಿಗಳು ಯಾರಾದರೂ ಶೆಡ್ಡು ನೋಡಲು ಬಂದರೆ ಎಜ್ರಾ ಏಪ್ರನ್ ಕಟ್ಟಿಕೊಂಡು ಬಿಡಿಸುವವರ ಸಾಲಿನಲ್ಲಿ ನಿಲ್ಲುತ್ತಿದ್ದ. ಕೇಳಿದರೆ, "ಯಜಮಾನರು ಊರಲ್ಲಿಲ್ಲ," ಎನ್ನುತ್ತಿದ್ದ.

ಅವರ ಮನೆಯಲ್ಲಿ ಅದು ತಮಾಷೆಯ ಮಾತಾಗಿ ಉಳಿದಿತ್ತಂತೆ. ಬಾಗಿಲು ಬಡಿದರೆ ಮಕ್ಕಳು, "ಯಜಮಾನರು ಊರಲ್ಲಿಲ್ಲ!" ಎಂದು ಕೂಗುವರಂತೆ. ಲೊರೇನರ ಅಜ್ಜಿ ಮಾತ್ರ ಆ ತಮಾಷೆಗೆ ಒಮ್ಮೆಯೂ ನಕ್ಕವರಲ್ಲ.

"ಇದೇ ಡಬ್ಬ ಬೇಕು. ಇದೇ ಕೆಂಪು, ಇದೇ ಅಕ್ಷರ. ಕ್ಯಾಪ್ಟನ್ ಹೋಗಬೇಕು, ಎಜ್ರಾ ಬರಬೇಕು. ಹೆಸರೂ ಅವನದೇ."

ಸಾಹೇಬರು ಗಾಜಿನ ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದರು. ಗಿರಾಕಿಗೆ ಚಹಾ ತರಿಸಿದರು. ಎಲ್ಲರಿಗೂ ತರಿಸುವವರಲ್ಲ.

ಎಜ್ರಾನ ಒಂದೇ ಒಂದು ಫೋಟೊ ಇತ್ತು. ಚಿಪ್ಪುಗಳ ರಾಶಿಯ ಮೇಲೆ ನಿಂತ ಮನುಷ್ಯ, ಮುಖ ಹೆಬ್ಬೆರಳಿನ ಉಗುರಿನಷ್ಟು, ಅದೂ ಅರ್ಧ ನೆರಳಿನಲ್ಲಿ. ಸದಾನಂದಣ್ಣ ಭೂತಗನ್ನಡಿ ಹಿಡಿದು ನೋಡಿದರು.

"ಇದರಲ್ಲಿ ಎಂತ ಉಂಟು ಬಾಯಿ? ಟೋಪಿ ಉಂಟು, ಮೂಗು ಉಂಟು. ಬಾಕಿ ಎಲ್ಲಾ ನಾನೇ ಹುಟ್ಟಿಸ್ಬೇಕು."

ಹಾಗೆಂದರು, ಆದರೆ ಅವರ ಮುಖ ಅರಳಿತ್ತು. ಅವರು ಹಿಂದೆ ಉಡುಪಿಯಲ್ಲಿ ಸ್ಟುಡಿಯೊ ಇಟ್ಟಿದ್ದವರು. ಫಿಲ್ಮಿನ ಮೇಲೆ ಸಣ್ಣ ಬ್ರಷ್ಷಿನಿಂದ ಮುಖ ತಿದ್ದುವುದರಲ್ಲಿ ಸುತ್ತಮುತ್ತ ಅವರನ್ನು ಮೀರಿಸುವವರಿರಲಿಲ್ಲವಂತೆ. ವರನ ಕಡೆಗೆ ಹುಡುಗಿಯ ಫೋಟೊ ಕಳಿಸಬೇಕೆಂದರೆ ತಾಯಂದಿರು ಇವರಲ್ಲಿಗೇ ಬರುತ್ತಿದ್ದರು. "ಸದಾನಂದರೇ, ಸ್ವಲ್ಪ ಎತ್ತಿ," ಎಂದರೆ ಸಾಕು. ಎತ್ತುವುದು ಎಂದರೆ ಮುಖವನ್ನು ಬೆಳ್ಳಗೆ ಮಾಡುವುದು. ಹೇಳದಿದ್ದರೂ ಎತ್ತುತ್ತಿದ್ದರು. ಚಹಾಕ್ಕೆ ಸಕ್ಕರೆ ಬೇಕೇ ಎಂದು ಯಾರಾದರೂ ಕೇಳುತ್ತಾರೆಯೇ? ಮೊಬೈಲು ಬಂದು ಸ್ಟುಡಿಯೊ ಮುಚ್ಚಿದ ಮೇಲೆ ಇಲ್ಲಿಗೆ ಬಂದರು. ಅವರ ಕಂಪ್ಯೂಟರಿನ ಅಂಚಿಗೆ ಮಗಳ ಫೋಟೊ ಅಂಟಿಸಿಕೊಂಡಿದ್ದರು. ಸೀರೆ ಉಟ್ಟ, ಹಾಲಿನಂಥ ಬಣ್ಣದ ಹುಡುಗಿ. ಒಮ್ಮೆ ವೀಡಿಯೊ ಕಾಲಿನಲ್ಲಿ ಅವಳನ್ನು ನೋಡಿದ್ದೆ. ಲಕ್ಷಣದ ಹುಡುಗಿ, ನನ್ನಷ್ಟೇ ಕಪ್ಪು. ಸಂಬಂಧಗಳು ಬರುತ್ತಿದ್ದವು, ನೋಡಿ ಹೋಗುತ್ತಿದ್ದವು.

ಆ ನವೆಂಬರು ಪೂರ್ತಿ ಅವರು ಎಜ್ರಾನ ಜೊತೆಯೇ ಇದ್ದರು. ಲೊರೇನರನ್ನು ಎದುರು ಕೂರಿಸಿ ದವಡೆ ನೋಡಿದರು, ಕಿವಿ ನೋಡಿದರು. ಅಣ್ಣತಮ್ಮಂದಿರ ಫೋಟೊ ತರಿಸಿದರು. ಕೊನೆಗೆ ಪರದೆಯ ಮೇಲೆ ಒಬ್ಬ ಮನುಷ್ಯ ಎದ್ದು ಬಂದ. ಗಟ್ಟಿ ದವಡೆ, ಸ್ವಲ್ಪ ಓರೆಯಾದ ಟೋಪಿ, ಬಿಸಿಲಿಗೆ ಕಿರಿದಾದ ಕಣ್ಣು. ಲೊರೇನ್ ನೋಡಿ ಬಾಯಿಗೆ ಕೈ ಅಡ್ಡ ಹಿಡಿದರು. ಆಮೇಲೆ, "ಮಿಸ್ಟರ್ ಸದಾ, ನೀವು ಇವನನ್ನು ಎಲ್ಲಿ ಭೇಟಿಯಾದಿರಿ?" ಎಂದು ಕೇಳಿದರು. ಸದಾನಂದಣ್ಣ ಆ ಮಾತನ್ನು ಒಂದು ವಾರ ಕ್ಯಾಂಟೀನಿನಲ್ಲಿ ಹೇಳಿಕೊಂಡು ತಿರುಗಿದರು.

ಡಿಸೆಂಬರಿನಲ್ಲಿ ಒಂದು ದೊಡ್ಡ ಹೋಟೆಲಿನಲ್ಲಿ ಭೋಜನಕೂಟ ನಿಗದಿಯಾಗಿತ್ತು. ಅಡುಗೆಯವರು, ಖರೀದಿಯವರು ಎಲ್ಲ ಸೇರುವ ಜಾಗ. ಲೊರೇನರ ಡಬ್ಬ ಮೊದಲ ಸಲ ಹೊರಬರುವುದು ಅಲ್ಲಿ. ಸಿಂಪಿಯ ವ್ಯಾಪಾರ ಚಳಿಗಾಲದ್ದು. ಇದು ತಪ್ಪಿದರೆ ಆ ವರ್ಷವೇ ತಪ್ಪಿದ ಹಾಗೆ. ಇದ್ದದ್ದನ್ನೆಲ್ಲ ಅವರು ಇದರಲ್ಲೇ ಹಾಕಿದ್ದರು.

ಮುದ್ರಣದ ದಿನ ಅವರು ಬಂದು ಮೊದಲ ಹಾಳೆ ನೋಡಬೇಕಿತ್ತು. ಹಿಂದಿನ ದಿನ ಮಳೆ ಬಂತು. ದುಬೈಗೆ ಮಳೆ ಬಂದರೆ ಮಕ್ಕಳಿಗೆ ಹಬ್ಬ, ಉಳಿದವರಿಗೆ ಪೇಚಾಟ. ಅಲ್ ಕೂಜಿನ ರಸ್ತೆಗಳು ಕೆರೆಯಾದವು. ಫುಜೈರಾ ಕಡೆ ಬೆಟ್ಟದ ನೀರು ಇಳಿದು ದಾರಿ ಕಟ್ಟಿತ್ತು. "ನನಗೆ ಬರಲಾಗುವುದಿಲ್ಲ, ಮಿಸ್ಟರ್ ಸದಾ ಇದ್ದಾರಲ್ಲ, ನಡೆಯಲಿ," ಎಂದು ಲೊರೇನ್ ಫೋನ್ ಮಾಡಿದರು. ಮಿಷನ್ನು ಮರುದಿನ ಬೇರೆಯವರ ತುಪ್ಪದ ಡಬ್ಬಕ್ಕೆ ಮೀಸಲಾಗಿತ್ತು. ನಡೆಯಿತು.

ಡಬ್ಬಗಳು ಸಿದ್ಧವಾಗಿ ಬಂದಾಗ ನಾವೆಲ್ಲ ನೋಡಿದೆವು. ಚಂದ ಇದೆ ಎಂದೆವು. ಕೆಂಪು ಹಾಗೇ ಇತ್ತು, ಹಳದಿ ಅಂಚು ಹಾಗೇ ಇತ್ತು, ಅಕ್ಷರಗಳು ಹೊಳೆಯುತ್ತಿದ್ದವು.

ದಾರಿ ತೆರೆದ ದಿನ ಲೊರೇನ್ ಬಂದರು. ಪೆಟ್ಟಿಗೆ ಬಿಚ್ಚಿ ಒಂದು ಡಬ್ಬ ಕೈಗೆತ್ತಿಕೊಂಡರು. ನಗುತ್ತಲೇ ಎತ್ತಿಕೊಂಡವರು. ಬೆಳಕಿಗೆ ಹಿಡಿದು ತಿರುಗಿಸಿದರು, ಇನ್ನೊಂದು ತೆಗೆದರು, ಮತ್ತೊಂದು.

"ಇವನು ಯಾರು?"

ಡಬ್ಬವನ್ನು ನಮ್ಮ ಕಡೆ ತಿರುಗಿಸಿ ಹಿಡಿದರು.

"ಮುಖ ಅದೇ. ಬಣ್ಣ ಯಾರದ್ದು?"

ಆಗ ನೋಡಿದೆವು. ಎಜ್ರಾ ಗೋಧಿ ಬಣ್ಣಕ್ಕೆ ಬಂದಿದ್ದ. ಕೆನ್ನೆಯ ಮೇಲೆ ಒಂದು ತೆಳು ಹೊಳಪು. ನಮ್ಮ ಕಡೆಯ ಯಾವುದೋ ಒಳ್ಳೆಯ ಮನೆತನದ ವರನ ಹಾಗೆ ಕಾಣುತ್ತಿದ್ದ.

ಸದಾನಂದಣ್ಣ ಮುಂದೆ ಬಂದರು. ಅವರಿಗೆ ಇನ್ನೂ ಅರ್ಥವಾಗಿರಲಿಲ್ಲ. "ತಗಡಿನ ಮೇಲೆ ಬಣ್ಣ ಇಳೀತದೆ ಮೇಡಂ, ಕಪ್ಪಾಗ್ತದೆ. ಓವನ್ನಿಗೆ ಹೋಗಿ ಬಂದ್ರೆ ಇನ್ನೂ ಇಳೀತದೆ. ಅದಕ್ಕೆ ಕೊನೆಗೆ ಮುಖ ಸ್ವಲ್ಪ ಎತ್ತಿದೆ. ಬಾಯಿ, ಅವರಿಗೆ ಹೇಳಿ," ಎಂದು ನನ್ನ ಕಡೆ ತಿರುಗಿದರು.

ಎತ್ತುವುದು ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೆ ಮೆತ್ತಗೆ ಮಾಡುವುದು ಎಂದು ನನಗೆ ತಿಳಿಯಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಲೊರೇನ್ ಡಬ್ಬವನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟರು. ಕೂಗಾಡಿದ್ದರೆ ನಮಗೆ ಸುಲಭವಾಗುತ್ತಿತ್ತು. "ಹಾಗಾದರೆ ಕ್ಯಾಪ್ಟನ್ ಮತ್ತೆ ಬಂದ," ಎಂದರು, "ಈ ಸಲ ನನ್ನ ದುಡ್ಡಿನಲ್ಲೇ." ಕುರ್ಚಿ ಎಳೆದು ಕೂತರು. ಅವರ ಕಣ್ಣು ತುಂಬಿತ್ತು.

ಡಬ್ಬದ ಫೋಟೊ ಕಳಿಸಿ ವಿಷಯ ತಿಳಿಸಿದಾಗ ಹೋಟೆಲಿನ ಖರೀದಿಯವನು ಫೋನಿನಲ್ಲಿ, ಇದೇ ಡಬ್ಬ ತನ್ನಿ, ತಟ್ಟೆ ನೋಡುವವರು ಡಬ್ಬ ನೋಡುವುದಿಲ್ಲ, ಹೀಗೇ ಚೆನ್ನಾಗಿದೆ ಕೂಡ, ಎಂದ. ಹೊಸದಾಗಿ ಹೊಡೆಯಲು ಭೋಜನಕೂಟದ ದಿನದೊಳಗೆ ಮಿಷನ್ನು ಸಿಗುವಂತಿರಲಿಲ್ಲ. ಲೊರೇನ್ ಒಂದು ನಿಮಿಷವೂ ಯೋಚಿಸಲಿಲ್ಲ. "ಬೇಡ. ಬಣ್ಣ ಹೊಡೆಯದ ಬರೀ ಡಬ್ಬ ಕೊಡಿ," ಎಂದರು.

ಅವರು ಹೋದ ಮೇಲೆ ಸಾಹೇಬರು ನಮ್ಮನ್ನು ಕರೆದರು. ಬೈಗುಳಕ್ಕೆ ಸಿದ್ಧವಾಗಿ ಹೋದೆವು. ಅವರು ಗೋಧಿ ಬಣ್ಣದ ಎಜ್ರಾನನ್ನು ಕೈಯಲ್ಲಿ ಹಿಡಿದುಕೊಂಡಿದ್ದರು.

"ನಾನು ಇಲ್ಲಿ ಮೊದ್ಲು ಅಂಗಡಿ ಹಾಕಿದಾಗ ಲೈಸೆನ್ಸು ಯಾರ ಹೆಸರಲ್ಲಿತ್ತು ಗೊತ್ತುಂಟಾ ಫ್ಲೇವಿಯಾ? ಇಲ್ಲಿಯ ಅರಬ್ಬಿ ಪಾರ್ಟ್‌ನರಿಂದು, ಆಗ ಕಾನೂನು ಹಾಗಿತ್ತು. ಒಳ್ಳೆ ಮನುಷ್ಯ, ಒಂದು ದಿನ ತೊಂದ್ರೆ ಕೊಟ್ಟವನಲ್ಲ. ಆದ್ರೆ ಬೋರ್ಡಿನ ಮೇಲೆ ಅವನ ಹೆಸರು. ಊರಿಂದ ಬಾವ ಬಂದವರು ಬೋರ್ಡು ನೋಡಿ, ಅಂಗಡಿ ನಿಂದಾ, ನೀ ಕೆಲಸಕ್ಕಿದ್ದದ್ದಾ ಅಂತ ಕೇಳಿದ್ರು. ನಾ ಎಂತ ಹೇಳ್ಲಿ?" ಡಬ್ಬ ಕೆಳಗಿಟ್ಟರು. "ಈ ಲಾಟು ಖಲಾಸ್. ಸ್ಕ್ರ್ಯಾಪಿಗೆ ಹಾಕಿ. ಮತ್ತೆ ಹೊಡೀರಿ. ನನ್ನ ಲೆಕ್ಕದಲ್ಲಿ."

ಸದಾನಂದಣ್ಣನಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಊಟಕ್ಕೂ ಬರಲಿಲ್ಲ. ಹೋಗಿ ನೋಡಿದರೆ ಪರದೆ ಆರಿಸಿ ಕೂತಿದ್ದರು.

"ನಾನು ಆ ಮನುಷ್ಯನಿಗೆ ಅವಮಾನ ಮಾಡ್ಲಿಕ್ಕೆ ಮಾಡಿದ್ದಲ್ಲ ಬಾಯಿ. ಪ್ರೀತಿಯಿಂದ ಮಾಡಿದ್ದು. ನನ್ನ ಸ್ವಂತ ಮಗಳಿಗೂ ಹೀಗೇ ಮಾಡಿದ್ದಲ್ವಾ?"

ಅಂಚಿಗೆ ಅಂಟಿಸಿದ್ದ ಫೋಟೊ ನಮ್ಮಿಬ್ಬರ ನಡುವೆ ಇತ್ತು. ಅವರ ಮೇಲೆ ಕನಿಕರ ಬಂತು, ಆ ಹುಡುಗಿಯ ಮೇಲೆ ಅದಕ್ಕಿಂತ ಹೆಚ್ಚು.

ಒಂದು ಡಬ್ಬವನ್ನು ನಾನು ಮನೆಗೆ ಒಯ್ದಿದ್ದೆ. ಹಳೆಯ ಫೋಟೊ ನನ್ನ ಮೊಬೈಲಿನಲ್ಲಿತ್ತು. ನನ್ನ ಮಗಳು ಎರಡನ್ನೂ ಅಕ್ಕಪಕ್ಕ ಹಿಡಿದು, "ಮಮ್ಮಾ, ದೇ ಪುಟ್ ಅ ಫಿಲ್ಟರ್ ಆನ್ ಹಿಮ್," ಎಂದಳು. ಇಡೀ ಪ್ರೆಸ್ಸಿನವರಿಗೆ ಕಾಣದ್ದು ಅವಳಿಗೆ ಚಪಾತಿ ತಿನ್ನುತ್ತಾ ಕಂಡಿತು.

ಭೋಜನಕೂಟಕ್ಕೆ ಬರೀ ಡಬ್ಬಗಳನ್ನು ಪ್ರೆಸ್ಸಿನ ವ್ಯಾನಿನಲ್ಲಿ ನಾನೂ ಸದಾನಂದಣ್ಣನೂ ಕೊಂಡುಹೋದೆವು. ಹೋಟೆಲಿನವರು ಕೋಟು ಹಾಕದವರನ್ನು ಒಳಗೆ ಬಿಡುವುದಿಲ್ಲವೆಂದು ಸಾಹೇಬರು ತಮ್ಮ ಕೋಟು ಕೊಟ್ಟಿದ್ದರು. ಸದಾನಂದಣ್ಣನಿಗೆ ಅದು ದೊಡ್ಡದಾಗಿ, ಇದ್ದುದಕ್ಕಿಂತ ಶ್ರೀಮಂತರಾಗಿ ಕಾಣುತ್ತಿದ್ದರು. ಲೊರೇನ್ ಏಪ್ರನ್ ಕಟ್ಟಿಕೊಂಡು ಮೇಜಿನ ಹಿಂದೆ ನಿಂತು ತಾವೇ ಸಿಂಪಿ ಬಿಡಿಸುತ್ತಿದ್ದರು. ಎದುರಿಗೆ ಬರೀ ತಗಡಿನ ಡಬ್ಬಗಳ ಸಾಲು, ನಡುವೆ ತುಕ್ಕು ಹಿಡಿದ ಆ ಹಳೆಯ ಡಬ್ಬ.

ಟೈ ಕಟ್ಟಿದ ಒಬ್ಬ ಯುರೋಪಿನವನು ಬಂದು ಎರಡು ಸಿಂಪಿ ತಿಂದ. ಮೂರನೆಯದು ತಿಂದ. ಲೊರೇನರ ತಲೆಯ ಮೇಲಿಂದ ನೋಡಿ, ಹಿಂದೆ ಕೋಟು ಹಾಕಿ ನಿಂತಿದ್ದ ಸದಾನಂದಣ್ಣನಿಗೆ ಕೈ ಚಾಚಿದ. "ಅದ್ಭುತ ಮಾಲು ಸರ್. ಕಂಪನಿ ನಿಮ್ಮದೇ?"

ಲೊರೇನರ ಕತ್ತಿ ಚಿಪ್ಪಿನ ಸಂದಿಯಲ್ಲಿ ನಿಂತಿತು. ಅವರು ತಿರುಗಲಿಲ್ಲ.

ಸದಾನಂದಣ್ಣ ಚಾಚಿದ ಕೈಯನ್ನು ಹಿಡಿಯದೆ ಎರಡು ಹೆಜ್ಜೆ ಹಿಂದೆ ಸರಿದರು. ಅವರ ಇಂಗ್ಲಿಷು ಕಡಿಮೆ. ಇದ್ದಷ್ಟನ್ನು ಗಟ್ಟಿಯಾಗಿ, ಅಕ್ಕಪಕ್ಕದ ಮೇಜಿನವರು ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದರು. "ನೋ, ನೋ! ಷೀ ಓನರ್. ಹರ್ ಗ್ರ್ಯಾಂಡ್‌ಫಾದರ್ ಓನರ್. ಐ ಓನ್ಲಿ ಫೇಸ್. ಆ್ಯಂಡ್ ಫೇಸ್ ಐ ಸ್ಪಾಯಿಲ್."

ಆ ಮನುಷ್ಯನಿಗೆ ಕೊನೆಯ ಮಾತು ಅರ್ಥವಾಗಿರಲಾರದು. ಮುಖ ಕೆಂಪು ಮಾಡಿಕೊಂಡು ಲೊರೇನರಿಗೆ ಕೈ ಕೊಟ್ಟ. ಆಮೇಲೆ ಆ ಹಳೆಯ ಡಬ್ಬ ಏನೆಂದು ಕೇಳಿದ. ಲೊರೇನ್ ಹೇಳಿದರು. ಸುತ್ತ ನಾಲ್ಕು ಜನ ಸೇರಿದರು, ಆಮೇಲೆ ಇನ್ನಷ್ಟು. ಭಾರೀ ಆರ್ಡರುಗಳೇನೂ ಬರಲಿಲ್ಲ. ದುಬೈಯ ಎರಡು ಹೋಟೆಲು, ಅಬುಧಾಬಿಯಲ್ಲಿ ಒಂದು, ಹೊಸ ಡಬ್ಬ ಬಂದ ಮೇಲೆ ನೋಡೋಣ ಎಂದರು. ಆ ವರ್ಷ ಪೂರ್ತಿ ತಪ್ಪಿಹೋಗದೆ ಇರಲು ಅಷ್ಟು ಸಾಕಿತ್ತು.

ಮರುದಿನ ಲೊರೇನ್ ಪ್ರೆಸ್ಸಿಗೆ ಬಂದು ನೇರವಾಗಿ ಸದಾನಂದಣ್ಣನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡರು. ಬಣ್ಣ ಹೊಂದಿಸಲು ನಮ್ಮಲ್ಲಿ ಬಿಳಿ ದೀಪದ ಒಂದು ಮೇಜಿತ್ತು. ಲೊರೇನ್ ಅಂಗಿಯ ತೋಳು ಮಡಚಿ ಆ ದೀಪದ ಕೆಳಗೆ ತಮ್ಮ ಕೈ ಇಟ್ಟರು. "ಇದು," ಎಂದರು. "ನನ್ನಜ್ಜಿ ಹೇಳುತ್ತಿದ್ದಳು, ನಿನಗೆ ಅವನ ಕೈ ಬಂದಿದೆ ಅಂತ."

ಸದಾನಂದಣ್ಣ ತುಸು ಹೊತ್ತು ನೋಡಿದರು. ಆಮೇಲೆ ಕೆಲಸ ಶುರು ಮಾಡಿದರು. ಪರೀಕ್ಷೆಯ ತಗಡಿಗೆ ಬಣ್ಣ ಹೊಡೆಸುವುದು, ಓವನ್ನಿಗೆ ಕಳಿಸುವುದು, ತಂದು ಆ ಕೈಯ ಪಕ್ಕ ಇಡುವುದು. ಕಡಿಮೆಯಾಯಿತು. ಇನ್ನೊಂದು. ಈಗ ಕೆಂಪು ಜಾಸ್ತಿ. ಮತ್ತೊಂದು. ಲೊರೇನ್ ಕೈ ತೆಗೆಯಲಿಲ್ಲ.

"ನನ್ನ ಜನ್ಮದಲ್ಲಿ ಮುಖ ಕಪ್ಪು ಮಾಡಿ ಅಂತ ಹೇಳಿದ ಗಿರಾಕಿ ಇವ್ರೊಬ್ರೇ," ಎಂದರು ಸದಾನಂದಣ್ಣ ನನ್ನ ಕಡೆ ನೋಡದೆ. "ಬಿಳಿ ಮಾಡುದು ಸುಲಭ ಬಾಯಿ. ಎಲ್ಲದಕ್ಕೂ ಒಂದೇ ಬಿಳಿ. ಇದರಲ್ಲಿ ನೋಡಿ, ನೀಲಿ ಉಂಟು, ಕೆಂಪು ಉಂಟು, ಜೇನಿನ ಹಾಗೆ ಒಂದು ಹಳದಿಯೂ ಉಂಟು. ನಾನು ಇಷ್ಟು ವರ್ಷ ಇದನ್ನ ನೋಡ್ಲೇ ಇಲ್ಲ."

ಹೊಸ ಡಬ್ಬಗಳು ಜನವರಿಯ ಒಂದು ಮಂಜಿನ ಬೆಳಿಗ್ಗೆ ಸಿದ್ಧವಾದವು. ಹೊರಗೆ ಎದುರಿನ ಗೋದಾಮೇ ಕಾಣುತ್ತಿರಲಿಲ್ಲ. ಈ ಸಲ ಲೊರೇನ್ ಹಿಂದಿನ ಸಂಜೆಯೇ ದುಬೈಗೆ ಬಂದು ಉಳಿದಿದ್ದರು. ಡಬ್ಬವನ್ನು ಕೈಗೆ ತೆಗೆದುಕೊಂಡವರು ಎದೆಗೆ ಒತ್ತಿಕೊಂಡರು. ಎಜ್ರಾ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಮ್ಮನ್ನೆಲ್ಲ ನೋಡುತ್ತಿದ್ದ. ಕೆಳಗೆ ಅವನ ಹೆಸರು, ಡಬ್ಬದ ಉದ್ದಕ್ಕೂ. ಲೊರೇನ್ ಚೀಲದಿಂದ ಹಳೆಯ ಡಬ್ಬ ತೆಗೆದು ಅದರ ಪಕ್ಕ ಇಟ್ಟರು. ಸಾಹೇಬರು ಬಗ್ಗಿ ಎರಡನ್ನೂ ನೋಡಿದರು.

"ಯಜಮಾನರು ಊರಿಗೆ ಬಂದ್ರು," ಎಂದರು. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಲೊರೇನ್ ಅತ್ತುಬಿಟ್ಟರು. ನಾನೂ ಅತ್ತೆ. ಗಿರಾಕಿಯ ಎದುರು ಅಳಬಾರದು ಎಂಬ ನಿಯಮ ಪ್ರೆಸ್ಸಿನಲ್ಲಿ ಇರಲಿಲ್ಲ.

ಇದೆಲ್ಲ ಆಗಿ ಕೆಲವು ವರ್ಷವಾಯಿತು. ಪ್ರೆಸ್ಸು ಬೇರೆ ಕಡೆ ಹೋಗಿ, ನಮ್ಮ ಶೆಡ್ಡಿನಲ್ಲಿ ಈಗ ಕಾಫಿ ಅಂಗಡಿ ಇದೆ. ಲೊರೇನ್ ಇನ್ನೂ ಫುಜೈರಾದಲ್ಲಿದ್ದಾರೆ. ಚಳಿಗಾಲ ಬಂದರೆ ನನಗೊಂದು ಡಬ್ಬ ಕಳಿಸುತ್ತಾರೆ. ನಾನು ಕಾಯಿ ಹಾಕಿ ಸುಕ್ಕಾ ಮಾಡುತ್ತೇನೆ, ಅವರಿಗೆ ಹೇಳಿಲ್ಲ.

ಬ್ರಷ್ಷಿನ ಡಬ್ಬವನ್ನು ಹಳೆಯ ಬನಿಯನ್ನಿನಲ್ಲಿ ಸುತ್ತಿ ಪೆಟ್ಟಿಗೆಯೊಳಗೆ ಇಟ್ಟೆ. ಸದಾನಂದಣ್ಣ ಹಗ್ಗ ಬಿಗಿಯಲು ಬಂದವರು ತಡೆದರು. "ಇನ್ನೊಂದು ಉಂಟು," ಎಂದು ಗೋಡೆಯಿಂದ ಚೌಕಟ್ಟು ಹಾಕಿದ ಒಂದು ಫೋಟೊ ಇಳಿಸಿ ನನ್ನ ಕೈಗೆ ಕೊಟ್ಟರು.

ಅವರ ಮಗಳು. ಉಡುಪಿಯ ಶಾಲೆಯಲ್ಲಿ ಟೀಚರು ಈಗ. ಬಿಸಿಲಿನಲ್ಲಿ, ಯಾವುದೋ ಗೇಟಿನ ಮುಂದೆ, ನಗುತ್ತಾ ನಿಂತಿದ್ದಳು. ಹಣೆಯ ಮೇಲೆ ಬೆವರು ಹೊಳೆಯುತ್ತಿತ್ತು. ವೀಡಿಯೊ ಕಾಲಿನಲ್ಲಿ ನಾನು ನೋಡಿದ್ದ ಹುಡುಗಿಯೇ.

"ಚಂದ ಬಂದಿದೆ ಸದಾನಂದಣ್ಣ. ನೀವು ತೆಗೆದದ್ದಾ?"

"ಅಲ್ಲ, ಅವಳೇ ತೆಗೆದು ಕಳಿಸಿದ್ದು," ಎಂದರು. ಅಂಗಿಯ ತುದಿಯಿಂದ ಗಾಜು ಒರೆಸಿದರು. "ನಾನು ಮುಟ್ಲಿಲ್ಲ."